ಮೂರನೇ ಸಾಲಿಗೆ ಮುಂಚೆ

“ಏಳನೇ ಕ್ಲಾಸು ದಾಟದವನು ನನ್ನ ಬರವಣಿಗೆ ತಿದ್ದೋಕೆ ಬಂದಿದ್ದಾನೆ, ನೋಡಿ,” ಎಂದರು ಹೆಡ್‌ಮಾಸ್ಟರು, ಕೈಯಲ್ಲಿದ್ದ ಹಾಳೆಯನ್ನು ಹಾಡುವವರಿಗೆಲ್ಲ ಕಾಣುವಂತೆ ಎತ್ತಿ ಹಿಡಿದು. “ಬಾರಪ್ಪ, ಬಸ್ಸಿನ ಸೀಟು ಹೊಲಿಯೋ ದಬ್ಬಳದಲ್ಲೇ ಇದನ್ನೂ ಹೊಲಿದುಬಿಡು. ನಾವೂ ನಾಲ್ಕಕ್ಷರ ಕಲಿತುಕೊಳ್ತೀವಿ.”

ಹಾಡುವವರು ಹನ್ನೆರಡು ಜನ. ಹನ್ನೊಂದು ಜನ ನಕ್ಕರು. ಹಿಂದಿನ ಬೆಂಚಿನ ಮುದುಕ ಪೇಂಟರ್ ಮಾತ್ರ ನಗೆ ಬಂದರೂ ಕೆಮ್ಮಾಗಿ ಮಾಡಿಕೊಂಡರು.

ಆ ಮಾತು ಹೇಳಿಸಿಕೊಂಡವನು ಚರ್ಚಿನ ಆರ್ಗನ್ನಿನ ಅಡಿಯಲ್ಲಿ ಅಂಗಾತ ಮಲಗಿದ್ದ. ತಲೆ ಮಾತ್ರ ಹೊರಗಿತ್ತು. ಕಾಲಲ್ಲಿ ತುಳಿದು ಗಾಳಿ ತುಂಬುವ ಹಳೆಯ ಪೆಟ್ಟಿಗೆ ಅದು. ತಿದಿಯ ಎಡಮೂಲೆಯಲ್ಲಿ ಚರ್ಮ ಸೀಳಿ, ತುಳಿದಷ್ಟೂ ಗಾಳಿ ಮುಲುಗುತ್ತ ಸೋರುತ್ತಿತ್ತು. ಮಧ್ಯಾಹ್ನದಿಂದ ಅದಕ್ಕೆ ಒಳಚರ್ಮ ಕೊಟ್ಟು ಎರಡೆಳೆ ಹೊಲಿಗೆ ಹಾಕಿ, ಈಗ ಅಂಟು ಸವರುತ್ತಿದ್ದ. ಬಾಯಲ್ಲಿ ಎರಡು ಮೊಳೆ. ಈ ಪೆಟ್ಟಿಗೆ ನುಡಿಸುತ್ತಿದ್ದ, ಈಚೆಗೆ ತೀರಿಕೊಂಡ ಅವನ ಅಜ್ಜಿಯ ನೆನಪಿನ ಪ್ರಾರ್ಥನೆ ಮಾರನೆಯ ದಿನ, ಭಾನುವಾರ. ಅಲ್ಲಿ ಓದಬೇಕಾದ ಅವಳ ಜೀವನ ಚರಿತ್ರೆಯನ್ನು ಹೆಡ್‌ಮಾಸ್ಟರು ಬರೆದು ತಂದು, ಅಭ್ಯಾಸದ ನಡುವೆ ಎಲ್ಲರಿಗೂ ಓದಿ ಹೇಳುತ್ತಿದ್ದರು. ನೌಕರಿಯಿಂದ ನಿವೃತ್ತರಾದ ಮೇಲೆ ಚರ್ಚಿನ ಹಾಡಿನ ಉಸ್ತುವಾರಿ ಅವರದೇ. ಎಂಬತ್ತೆಂಟು ವರ್ಷದ ಬದುಕು ಒಂದೂವರೆ ಪುಟದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಅವನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ಆ ಒಂದು ವಾಕ್ಯ ಬಂದಾಗ ಮೊಳೆಗಳನ್ನು ಅಂಗೈಗೆ ಉಗುಳಿ, “ಅದು ತಪ್ಪು. ಅದನ್ನ ತೆಗೀರಿ,” ಎಂದಿದ್ದ. ಅಷ್ಟೇ ಅವನು ಮಾಡಿದ್ದು.

ವಾಕ್ಯ ಹೀಗಿತ್ತು: ‘ಕೊನೆಗಾಲದಲ್ಲಿ ವೃದ್ಧಾಪ್ಯದ ನಿಮಿತ್ತ ಅವರಿಗೆ ತಾಳ ತಪ್ಪುತ್ತಿತ್ತು, ಸಂಜೆಯ ಕೀರ್ತನೆಯಲ್ಲಿ ಎರಡನೆಯ ಸಾಲಿನ ಕೊನೆಯನ್ನು ವೃಥಾ ಎಳೆಯುತ್ತಿದ್ದರು, ಸಭೆಯು ಇದನ್ನು ಗೌರವದಿಂದ ಸಹಿಸಿಕೊಂಡಿತು.’ ಅದರ ಬೆನ್ನಿಗೇ ಇನ್ನೊಂದು: ‘ನಾನು ಹನ್ನೊಂದು ವರ್ಷದ ಬಾಲಕನಾಗಿದ್ದಾಗ ಅವರ ಪಕ್ಕದಲ್ಲಿ ನಿಂತು ಸಭೆಗೆ ಸಾಲು ಹೇಳಿಕೊಡುತ್ತಿದ್ದೆ, ಒಮ್ಮೆಯೂ ತಡವರಿಸಿದವನಲ್ಲ.’

“ಏನು ತಪ್ಪು? ಕಾಗುಣಿತವೋ, ಒತ್ತಕ್ಷರವೋ?” ಹೆಡ್‌ಮಾಸ್ಟರು ಇನ್ನೂ ಬಿಟ್ಟಿರಲಿಲ್ಲ.

“ಅವಳಿಗೆ ತಾಳ ತಪ್ಪಿಲ್ಲ.”

“ಎಳೀತಿದ್ದದ್ದು ಸುಳ್ಳೋ?”

“ಎಳೀತಿದ್ದಳು. ವಯಸ್ಸಾಗಿ ಅಲ್ಲ.”

“ಅದು ನಿಜ ಮಾಸ್ಟ್ರೇ,” ಎಂದರು ಪೇಂಟರ್. “ನನಗೆ ಮೀಸೆ ಚಿಗುರಿದಾಗಿಂದ ಅಲ್ಲಿ ಎಳೆದೇ ಹಾಡ್ತಿದ್ದೀನಿ.”

“ಹಾಗಾದ್ರೆ ಮೀಸೆ ಚಿಗುರಿದಾಗಿಂದ ತಪ್ಪು ಹಾಡ್ತಿದ್ದೀರಿ.” ಮತ್ತೆ ನಗು. ಹೆಡ್‌ಮಾಸ್ಟರು ಆರ್ಗನ್ನಿನ ಮುಂದೆ ಕೂತಿದ್ದ ಹುಡುಗಿಯ ಕಡೆ ತಿರುಗಿದರು. ಅವಳು ಸಂಗೀತ ಶಾಲೆಯಲ್ಲಿ ಕಲಿತು ಈಗಷ್ಟೇ ಆ ಕೆಲಸಕ್ಕೆ ಬಂದವಳು. “ಪುಸ್ತಕದಲ್ಲಿ ಎಷ್ಟಿದೆಯಮ್ಮ ಅಲ್ಲಿ?”

“ಎರಡು ಮಾತ್ರೆ, ಸರ್.”

“ಎರಡು ಅಂದ್ರೆ ಎರಡು. ನಾಳೆ ಎರಡಕ್ಕೆ ಕಟ್. ಹಳೇ ಕಾಲದ ಹಾಗೆ ನಾನೇ ಪಕ್ಕದಲ್ಲಿ ನಿಂತು ಸಾಲು ಹೇಳಿಕೊಡ್ತೀನಿ. ಆಯಮ್ಮನಿಗೆ ಅದೇ ಮರ್ಯಾದೆ.” ಆಮೇಲೆ ಬಗ್ಗಿ, ನೆಲದ ಮೇಲಿದ್ದವನಿಗೆ, “ಗಾಳಿ ಸೋರದ ಹಾಗೆ ಮಾಡು. ಅದು ನಿನ್ನ ಕೆಲಸ. ಅಕ್ಷರ ನಮಗೆ ಬಿಡು,” ಎಂದರು.

ಅವನು ಮೊಳೆಗಳನ್ನು ಮತ್ತೆ ಬಾಯಿಗಿಟ್ಟುಕೊಂಡ. ಬಾಯಿ ಖಾಲಿ ಇದ್ದಿದ್ದರೆ ಆ ಹೊತ್ತಿಗೆ ಏನು ಬರುತ್ತಿತ್ತೋ ಅದು ಚರ್ಚಿನ ಒಳಗೆ ಆಡುವ ಮಾತಾಗಿರಲಿಲ್ಲ.

ಈ ಹೆಡ್‌ಮಾಸ್ಟರು ಅವನಿಗೆ ಹೊಸಬರಲ್ಲ. ಅವನು ಓದಿದ ಶಾಲೆಗೆ ಆಗ ಅವರೇ ಮುಖ್ಯಸ್ಥರು. ಗಟ್ಟಿಯಾಗಿ ಓದಿಸುವುದು ಅವರ ಪದ್ಧತಿ. ಎದ್ದು ನಿಂತವನು ಒಂದು ಪದಕ್ಕೆ ಸಿಕ್ಕಿಹಾಕಿಕೊಂಡರೆ ಮೇಜಿನ ಮೇಲೆ ಬೆರಳಿನಿಂದ ಒಂದು, ಎರಡು, ಮೂರು ಎಂದು ಕುಟ್ಟಿ, “ಮುಂದಿನವನು!” ಎನ್ನುತ್ತಿದ್ದರು. ಮುಂದಿನವನು ಎದ್ದರೆ ಸಿಕ್ಕಿಬಿದ್ದವನು ಗಂಟೆ ಹೊಡೆಯುವವರೆಗೆ ನಿಂತೇ ಇರಬೇಕು. ಏಳನೇ ಕ್ಲಾಸಿನಲ್ಲಿ ಅವನು ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು. ಒಂದು ದಿನ ಹಾಗೆ ನಿಂತಿದ್ದವನು ಬಾಗಿಲು ದಾಟಿ ನಡೆದುಬಿಟ್ಟ. ಮತ್ತೆ ಹೋಗಲಿಲ್ಲ.

ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಮೂರು ಪಾಳಿಯ ಕೆಲಸ. ಅವನನ್ನು ಸಾಕಿದ್ದು ಅಮ್ಮನ ತಾಯಿ, ಈ ಅಜ್ಜಿಯೇ. ಮಗ ಶಾಲೆ ಬಿಟ್ಟನೆಂದು ಅಮ್ಮ ಮೂರು ದಿನ ಅತ್ತಳು. ಅಜ್ಜಿ ಅಳಲಿಲ್ಲ, ಬೈಯಲೂ ಇಲ್ಲ. ನಾಲ್ಕನೆಯ ದಿನ ಅವನ ಕೈಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿ, “ಕೈ ಗಟ್ಟಿ ಇದೆ,” ಎಂದಳು. ಮಾರನೆಯ ಬೆಳಿಗ್ಗೆ ಬಸ್ ಡಿಪೋ ಹಿಂದಿನ ಸೀಟು ಹೊಲಿಯುವ ಅಂಗಡಿಗೆ ಕರೆದುಕೊಂಡು ಹೋಗಿ ಬಿಟ್ಟಳು. ಹತ್ತು ವರ್ಷದಲ್ಲಿ ಅವನು ಅಲ್ಲಿಯ ಹಿರಿಯ ಕೆಲಸಗಾರನಾಗಿದ್ದ. ಅವನು ಹಾಕಿದ ಹೊಲಿಗೆ ಕಿತ್ತುಕೊಂಡು ವಾಪಸು ಬಂದ ಸೀಟು ಇನ್ನೂ ಹುಟ್ಟಿರಲಿಲ್ಲ.

ಅಜ್ಜಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಪೆಟ್ಟಿಗೆಯಜ್ಜಿ ಎಂದು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಅರವತ್ತಮೂರು ವರ್ಷ ಚರ್ಚಿನಲ್ಲಿ ಆರ್ಗನ್ ನುಡಿಸಿದಳು. ವಾರವೆಲ್ಲ ತಂತಿ ಸಿಕ್ಕಿಸುವುದು, ಭಾನುವಾರ ಆರ್ಗನ್ನಿನ ಕಪ್ಪು ಬಿಳಿ ಮನೆ ಒತ್ತುವುದು. “ಎರಡೂ ಒಂದೇ ಕೆಲಸ ಕಣೋ,” ಎನ್ನುತ್ತಿದ್ದಳು. “ಯಾರು ಮಾತಾಡೋಕೆ ಕಾಯ್ತಿದ್ದಾರೆ ಅಂತ ತಿಳ್ಕೋಬೇಕು, ದಾರಿ ಬಿಡಬೇಕು. ನಡುವೆ ಬಾಯಿ ಹಾಕಬಾರದು.”

ಮದುವೆಗೆ ನುಡಿಸಬೇಕೆಂದರೆ ಒಂದೇ ಕರಾರು. ವಾರ ಮೊದಲೇ ಹುಡುಗಿ ಬಂದು ಬಾಗಿಲಿಂದ ಮುಂದಿನವರೆಗೆ ಒಮ್ಮೆ ನಡೆದು ತೋರಿಸಬೇಕು, ಅದೂ ಮದುವೆಯ ದಿನ ಮೆಟ್ಟುವ ಜೋಡಿನಲ್ಲೇ. ಅಜ್ಜಿ ಹೆಜ್ಜೆ ಎಣಿಸಿಕೊಳ್ಳುತ್ತಿದ್ದಳು. ಶವ ಹೊರುವವರು ಯಾರು, ಅವರಲ್ಲಿ ಗಿಡ್ಡನೆಯವನು ಯಾರು ಎಂದೂ ವಿಚಾರಿಸುತ್ತಿದ್ದಳು. “ಗಿಡ್ಡನೋನ ಕಾಲಿಗೆ ನುಡಿಸಿದ್ರೆ ಎಲ್ಲರೂ ನಡೀತಾರೆ. ಉದ್ದನೋನ ಕಾಲಿಗೆ ನುಡಿಸಿದ್ರೆ ಸತ್ತೋನು ಬೀಳ್ತಾನೆ.” ಸತ್ತವನು ಬಿದ್ದದ್ದನ್ನು ಅವಳು ಒಮ್ಮೆ ಕಂಡೂ ಇದ್ದಳಂತೆ. ಆ ಕಥೆ ಹೇಳುವಾಗ ಅವಳಿಗೇ ನಗು ತಡೆಯಲಾಗುತ್ತಿರಲಿಲ್ಲ. ಕೊನೆಯವರೆಗೆ ಯಾರೂ ಅದನ್ನು ಪೂರ್ತಿ ಕೇಳಲೇ ಇಲ್ಲ. ಗಂಡ ಸತ್ತ ವಾರವೂ ಅವಳೇ ನುಡಿಸಿದಳು. ಬೇರೆಯವರು ನುಡಿಸಿದರೆ ತಾನು ಅಳಬೇಕಾಗುತ್ತದೆ ಎಂದಳಂತೆ. ಒಂದೂವರೆ ಪುಟದಲ್ಲಿ ಇದು ಯಾವುದೂ ಇರಲಿಲ್ಲ. ‘ದೈವಭಕ್ತೆ, ಸರಳಜೀವಿ, ಮಿತಭಾಷಿ’ ಎಂದಿತ್ತು. ಮಿತಭಾಷಿಯಂತೆ! ಅವಳಿಗೆ ಬಾಯಿ ಬಿಡಲು ಸಿಗದಷ್ಟು ಹೆಡ್‌ಮಾಸ್ಟರೇ ಮಾತಾಡಿರಬೇಕು.

ಆ ಸಂಜೆ ಅಮ್ಮ ಪಾಳಿ ಮುಗಿಸಿ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಅವನು ಅಜ್ಜಿಯ ರಾಗದ ಪುಸ್ತಕವನ್ನು ಮೇಜಿನ ಮೇಲೆ ಹಾಕಿದ. ರಟ್ಟು ಹೋಗಿ, ಅವನೇ ಹಿಂದೊಮ್ಮೆ ಸೀಟಿನ ರೆಕ್ಸಿನ್‌ನಲ್ಲಿ ಹೊಸ ಹೊದಿಕೆ ಹಾಕಿಕೊಟ್ಟಿದ್ದ ಪುಸ್ತಕ. ಪುಟದ ಅಂಚಿನಲ್ಲೆಲ್ಲ ಅವಳ ಪೆನ್ಸಿಲು. ‘ಪೇಂಟರ್ ಹೆಂಡತಿಗೆ ದಮ್ಮು, ಇಲ್ಲಿ ಉಸಿರು ಕೊಡು.’ ‘ಪೋಸ್ಟ್‌ಮನ್ ಮುಂದೆ ಓಡುತ್ತಾನೆ, ಕೆಳಗಿನ ಸ್ವರ ಜೋರು ಮಾಡು.’ ‘ಅವಳ ಮಗ ತೀರಿಹೋದ ವರ್ಷ, ಈ ಚರಣ ಬೇಡ.’ ಸಾಯುವ ಮುಂಚಿನ ತಿಂಗಳು ಅವಳೇ ಇದನ್ನು ಅವನ ಕೈಗೆ ಕೊಟ್ಟು, “ಯಾರಿಗೂ ತೋರಿಸಬೇಡ. ಜನ ನಂಬಿ ಬಾಯಿ ಬಿಟ್ಟು ಹಾಡಿದ್ದಾರೆ,” ಎಂದಿದ್ದಳು.

ಸಂಜೆಯ ಕೀರ್ತನೆಯ ಪುಟದಲ್ಲಿ, ಎರಡನೆಯ ಸಾಲು ಮುಗಿಯುವಲ್ಲಿ, ಮಾಸಿದ ಒಂದು ಸೊನ್ನೆ. ಪಕ್ಕದಲ್ಲಿ: ‘ಗಡಿಯಾರದವರ ಹುಡುಗ. ಕ ಬರುವವರೆಗೆ ಹಿಡಿ.’

“ಗಡಿಯಾರದವರ ಹುಡುಗ ಅಂದ್ರೆ...” ಎಂದಳು ಅಮ್ಮ.

“ಇನ್ಯಾರು? ಹೆಡ್‌ಮಾಸ್ಟರು. ಅವರಪ್ಪ ತಾನೇ ಗಡಿಯಾರ ರಿಪೇರಿ ಮಾಡ್ತಿದ್ದದ್ದು.”

ಅಜ್ಜಿ ಅವನಿಗೆ ಆ ಕಥೆ ಹೇಳಿದ್ದಳು. ಆಗ ಹಾಡಿನ ಪುಸ್ತಕ ಎಲ್ಲರ ಕೈಯಲ್ಲಿ ಇರಲಿಲ್ಲ. ಒಬ್ಬ ಹುಡುಗ ಪ್ರತಿ ಸಾಲನ್ನೂ ಮೊದಲು ಕೂಗಿ ಹೇಳುವುದು, ಸಭೆ ಅದನ್ನು ಹಾಡುವುದು. ಗಡಿಯಾರದವರ ಹುಡುಗನದು ಗಂಟೆಯಂಥ ದನಿ. ಆದರೆ ಕ ಎಂಬ ಅಕ್ಷರದ ಮುಂದೆ ನಾಲಿಗೆ ಕಚ್ಚಿಕೊಳ್ಳುತ್ತಿತ್ತು. ಆ ಕೀರ್ತನೆಯ ಮೂರನೆಯ ಸಾಲು ‘ಕದವ ತೆರೆ, ತಂದೆ, ಕದವ ತೆರೆ’. ಮೊದಲ ಸಲ ಹುಡುಗ ಸಿಕ್ಕಿಕೊಂಡಾಗ ಅಜ್ಜಿ ಎರಡನೆಯ ಸಾಲಿನ ಕೊನೆಯ ಸ್ವರದಿಂದ ಕೈ ಎತ್ತಲಿಲ್ಲ. ತುಳಿದು ತುಳಿದು ಅದನ್ನು ಏರಿಸಿದಳು. ಸಭೆಯೂ ಅದರ ಜೊತೆ ಬಾಯಿ ತೆರೆದೇ ನಿಂತಿತು. ಆ ಗದ್ದಲದ ಅಡಿಯಲ್ಲಿ ಹುಡುಗನ ಕ ಬಿಡಿಸಿಕೊಂಡು ಬಂತು, ಯಾರಿಗೂ ಗೊತ್ತಾಗಲಿಲ್ಲ. ಬರುಬರುತ್ತ ಹುಡುಗನಿಗೂ ಗೊತ್ತಾಗದಂತಾಯಿತು. ಎರಡು ವರ್ಷಕ್ಕೆ ಅಚ್ಚಾದ ಪುಸ್ತಕ ಬಂತು, ಸಾಲು ಹೇಳುವುದು ನಿಂತಿತು, ಅವನ ನಾಲಿಗೆಯೂ ಸಡಿಲವಾಯಿತು. ಎಳೆಯುವುದು ಮಾತ್ರ ಸಭೆಯ ಬಾಯಲ್ಲಿ ಉಳಿದುಬಿಟ್ಟಿತು. ಹೊರಗಿನಿಂದ ಬಂದವರು ಯಾವಾಗಲೂ ಅಲ್ಲಿ ಮುಂದೆ ನುಗ್ಗಿ ನಾಚಿಕೊಳ್ಳುತ್ತಿದ್ದರು.

“ನಾಳೆ ಅವರು ಆ ವಾಕ್ಯ ಓದಲಿ,” ಎಂದ ಅವನು. “ಓದಿದ ಕೂಡಲೇ ಎದ್ದು ಈ ಪುಟ ಓದ್ತೀನಿ. ಗಟ್ಟಿಯಾಗಿ. ಏಳನೇ ಕ್ಲಾಸಿನವನಿಗೆ ಇಷ್ಟು ಓದೋಕೆ ಬರುತ್ತೆ.”

“ಅವಳು ತೋರಿಸಬೇಡ ಅಂದಿದ್ದಳಲ್ಲೋ?”

“ಅವಳ ಹೆಸರಿಗೆ ಮಸಿ ಬಳೀತಾರೆ, ನಾನು ಕೂತು ಆಮೆನ್ ಅನ್ನಲಾ?”

ಅಮ್ಮ ಪುಸ್ತಕ ಮುಚ್ಚಿದಳು. “ನಾನಾದರೆ ಬೇಡ ಅಂತೀನಿ. ಆದರೆ ನಿನ್ನ ಹೊಟ್ಟೆಯ ಬೆಂಕಿ ನಿನಗೆ ಗೊತ್ತು,” ಎಂದು ಎದ್ದು ಟೀಗೆ ನೀರಿಟ್ಟಳು.

ಭಾನುವಾರ ಬೆಂಚುಗಳು ಸಾಲದೆ ಪಕ್ಕದ ಸಭಾಭವನದಿಂದ ಮಡಚುವ ಕುರ್ಚಿ ತಂದು ಹಾಕಿದ್ದರು. ಅಜ್ಜಿ ಹೆಜ್ಜೆ ಎಣಿಸಿ ಮದುವೆ ಮಾಡಿಸಿದವರು, ಅವರ ಮಕ್ಕಳು, ಅವಳ ಜೊತೆ ಎಕ್ಸ್‌ಚೇಂಜಿನಲ್ಲಿ ಇದ್ದ ಇಬ್ಬರು ಮುದುಕಿಯರು, ಎಲ್ಲ ಬಂದಿದ್ದರು. ಅವನು ಆರ್ಗನ್ನಿನ ಎಡಪಕ್ಕದಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದ. ಅಂಟು ಪೂರ್ತಿ ಆರಿರಲಿಲ್ಲ. ತೇಪೆಯನ್ನು ಅಂಗೈಯಿಂದ ಅದುಮಿ ಹಿಡಿದಿದ್ದರೆ ಮಾತ್ರ ಗಾಳಿ ನಿಲ್ಲುತ್ತಿತ್ತು. ಕಾಲ ಬಳಿ ಉಪಕರಣದ ಚೀಲ, ಅದರಲ್ಲಿ ಪುಸ್ತಕ.

“ಸೋರಲ್ಲ ತಾನೇ?” ಎಂದು ಪಿಸುಗುಟ್ಟಿದಳು ಹೊಸ ಹುಡುಗಿ.

“ಸೋರಲ್ಲ. ನೀವು ಹೆದರದೆ ತುಳೀರಿ.”

ಮೊದಲು ಕೀರ್ತನೆ, ಆಮೇಲೆ ಜೀವನ ಚರಿತ್ರೆ. ಹೆಡ್‌ಮಾಸ್ಟರು ಇಸ್ತ್ರಿ ಮಾಡಿದ ಕೋಟಿನಲ್ಲಿ ಬಂದು ಆರ್ಗನ್ನಿನ ಬಲಕ್ಕೆ ನಿಂತರು. “ಎರಡನೇ ಸಾಲಿನ ಕೊನೆಯಲ್ಲಿ ದಯವಿಟ್ಟು ಯಾರೂ ಎಳೆಯಬಾರದು. ನನ್ನ ಬೆರಳು ನೋಡಿ,” ಎಂದು ತೋರುಬೆರಳು ಎತ್ತಿ ತೋರಿಸಿದರು. ಮೊದಲ ಸಾಲು ಹೇಳಿದರು. ಅರವತ್ತೆಂಟರಲ್ಲೂ ದನಿ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಸಭೆ ಹಾಡಿತು. ಎರಡನೆಯ ಸಾಲು ಹೇಳಿದರು. ಸಭೆ ಹಾಡಿತು. ಬೆರಳು ಕೆಳಗಿಳಿಯಿತು. ಹುಡುಗಿ ಎರಡು ಮಾತ್ರೆಗೆ ಕೈ ಎತ್ತಿದಳು. ಅಷ್ಟು ಜನ ಕತ್ತರಿಸಿದಂತೆ ನಿಂತರು.

ಆ ಜಾಗದಲ್ಲಿ ನಿಶ್ಶಬ್ದವನ್ನು ಆ ಚರ್ಚು ಕೇಳಿ ಐವತ್ತೇಳು ವರ್ಷವಾಗಿತ್ತು.

“ಕ,” ಎಂದರು ಹೆಡ್‌ಮಾಸ್ಟರು.

ಆಮೇಲೆ ಏನೂ ಬರಲಿಲ್ಲ. ಅವರ ದವಡೆ ಮುಂದಕ್ಕೆ ಬಂತು. ಕತ್ತಿನ ನರ ಕಾಲರಿನ ಮೇಲೆ ಹುರಿಯಾಯಿತು. “ಕ... ಕ್...” ಮತ್ತೆ ಎತ್ತಿದ ಬೆರಳು ಗಾಳಿಯಲ್ಲೇ ನಿಂತಿತ್ತು. ಮುಂದಿನ ಬೆಂಚಿನಲ್ಲಿದ್ದ ಒಂದು ಮಗು ತಾಯಿಯ ಮುಖ ನೋಡಿತು. ಪಾದ್ರಿಗಳು ಪುಸ್ತಕದಲ್ಲಿ ಕಣ್ಣು ನೆಟ್ಟರು.

ಅವನು ಸ್ಟೂಲಿನ ಮೇಲಿಂದ ಅದನ್ನೆಲ್ಲ ನೋಡಿದ. ಇಂಥದೊಂದು ಗಳಿಗೆ ಬೇಕೆಂದು ಹತ್ತು ವರ್ಷದಲ್ಲಿ ಎಷ್ಟು ಸಲ ಹಲ್ಲು ಕಡಿದಿದ್ದನೋ. ಈಗ ಕೇಳದೆಯೇ ಬಂದು ಕೈಗೆ ಕೂತಿತ್ತು. ತೇಪೆಯ ಮೇಲೆ ಅವನ ಬೆರಳು ತಾನಾಗಿ ಕುಟ್ಟಿತು. ಒಂದು. ಎರಡು. ಮೂರು. ‘ಮುಂದಿನವನು’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಗಟ್ಟಿಯಾಗಿ ಬೇಕಾಗಿರಲಿಲ್ಲ, ಸುಮ್ಮನೆ ಅಂದಿದ್ದರೂ ಸಾಕಿತ್ತು. ಆ ಶಾಲೆಯಲ್ಲಿ ಕಲಿತವರು ಅರ್ಧ ಸಭೆ ಇದ್ದರು. ನಗು ಗೋಡೆಯಿಂದ ಗೋಡೆಗೆ ಹೋಗುತ್ತಿತ್ತು.

ಹೆಡ್‌ಮಾಸ್ಟರ ಕಣ್ಣು ಅವನ ಕಡೆ ತಿರುಗಿತು. ಅದು ಹನ್ನೊಂದು ವರ್ಷದ ಹುಡುಗನ ಕಣ್ಣು.

ಅವನು ಬಲಗೈ ಚಾಚಿ, ಮಡಿಲಿಗೆ ಇಳಿದಿದ್ದ ಹುಡುಗಿಯ ಕೈಯನ್ನು ಹಿಡಿದು ಆರ್ಗನ್ನಿನ ಮನೆಗಳ ಮೇಲೆ ಇಟ್ಟ. “ಕೊನೇದನ್ನ ಮತ್ತೆ ಹಿಡಿ,” ಎಂದ. “ತುಳಿ.” ಅವಳು ದಂಗಾಗಿ ನೋಡಿದಳು. ಅವನು ಸೂಜಿ ಚುಚ್ಚಿ ದಡ್ಡುಗಟ್ಟಿದ ತನ್ನ ಬೆರಳುಗಳಿಂದ ಅವಳ ಬೆರಳುಗಳನ್ನು ಒತ್ತಿದ. “ತುಳಿಯಮ್ಮಾ!”

ಅವಳು ತುಳಿದಳು. ಅವನ ಎಡಗೈಯ ಅಡಿಯಲ್ಲಿ ಚರ್ಮ ಉಬ್ಬಿತು. ಅವನು ಭುಜದ ಭಾರವನ್ನೆಲ್ಲ ಅದರ ಮೇಲೆ ಹಾಕಿದ. ಸ್ವರ ಎದ್ದಿತು. ಹಿಂದಿನ ಸಾಲಿನಿಂದ ಮೊದಲು ಬಾಯಿ ತೆರೆದವರು ಪೇಂಟರ್. ಆಮೇಲೆ ಎಕ್ಸ್‌ಚೇಂಜಿನ ಮುದುಕಿಯರು. ಆಮೇಲೆ ಎಲ್ಲರೂ, ಅದೇ ಸರಿ ಎಂಬಂತೆ, ಇಷ್ಟು ಹೊತ್ತು ತಡವಾದದ್ದೇ ತಪ್ಪು ಎಂಬಂತೆ. ಸ್ವರ ಏರಿ ಏರಿ ಕಿಟಕಿಯ ಗಾಜು ನಡುಗಿತು. ಅದರ ಅಡಿಯಲ್ಲೆಲ್ಲೋ ಹೆಡ್‌ಮಾಸ್ಟರ ಕ ಬಿಟ್ಟುಕೊಂಡಿತು. “ಕದವ ತೆರೆ, ತಂದೆ, ಕದವ ತೆರೆ!”

ಉಳಿದ ಚರಣಗಳಲ್ಲಿ ಹುಡುಗಿ ಯಾರೂ ಹೇಳದೆ ತಾನೇ ಅಲ್ಲಿ ಹಿಡಿದು ನಿಂತಳು. ಹೆಡ್‌ಮಾಸ್ಟರು ಬೆರಳು ಎತ್ತಲಿಲ್ಲ.

ಆಮೇಲೆ ಅವರು ಕನ್ನಡಕ ಹಾಕಿಕೊಂಡು ಹಾಳೆ ಬಿಡಿಸಿದರು. ಹುಟ್ಟಿದ್ದು, ಮದುವೆ, ಎಕ್ಸ್‌ಚೇಂಜು, ಅರವತ್ತಮೂರು ವರ್ಷದ ಸೇವೆ. ದೈವಭಕ್ತೆ, ಸರಳಜೀವಿ. ಅವನು ಚೀಲಕ್ಕೆ ಕೈ ಹಾಕಿ ರೆಕ್ಸಿನ್ ಹೊದಿಕೆಯನ್ನು ಹಿಡಿದುಕೊಂಡ. ಮೂರನೆಯ ಬೆಂಚಿನಿಂದ ಅಮ್ಮ ಅವನ ಕೈಯನ್ನೇ ನೋಡುತ್ತಿದ್ದಳು. ಹೆಡ್‌ಮಾಸ್ಟರು ಆ ವಾಕ್ಯಕ್ಕೆ ಬಂದರು. ನಿಂತರು. ಹೆಬ್ಬೆರಳು ಒಂದು ವಾಕ್ಯ ಕೆಳಗಿಳಿಯಿತು, ಅಲ್ಲೂ ನಿಲ್ಲದೆ ಇನ್ನೊಂದು ಇಳಿಯಿತು.

“ಅವರು ಒಬ್ಬ ಮಗಳನ್ನೂ ಒಬ್ಬ ಮೊಮ್ಮಗನನ್ನೂ ಅಗಲಿದ್ದಾರೆ,” ಎಂದು ಓದಿ ಹಾಳೆ ಮಡಿಸಿದರು.

ಅವನು ಚೀಲದಿಂದ ಕೈ ತೆಗೆದ.

ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಜನ ಗುಂಪುಗುಂಪಾಗಿ ನಿಂತಿದ್ದರು. ಅಮ್ಮನ ಕೈ ಹಿಡಿಯಲು ಸಾಲು ಇತ್ತು. ಅವನು ಪಕ್ಕದ ಬಾಗಿಲಿಂದ ಚೀಲ ಹೆಗಲಿಗೇರಿಸಿ ಹೊರಬಂದ. ಪೇಂಟರ್ ಅವನ ಬೆನ್ನಿಗೆ ಗುದ್ದಿ, “ಏನೋ ಸೀಟು, ಗಾಳಿ ನಿಲ್ಲಿಸೋಕೆ ಕರೆದ್ರೆ ಸಭೇನೇ ನಿಲ್ಲಿಸಿಬಿಟ್ಯಲ್ಲೋ!” ಎಂದರು.

“ನಿಂತದ್ದು ನೀವು. ನಾನು ಕೂತೇ ಇದ್ದೆ,” ಎಂದ ಅವನು.

“ಏಯ್,” ಎಂಬ ದನಿ ಬಂತು. ಹೆಡ್‌ಮಾಸ್ಟರು ಮೆಟ್ಟಿಲಿಳಿದು ಬರುತ್ತಿದ್ದರು. ನಿನ್ನೆ ನಕ್ಕವರಲ್ಲಿ ಐದಾರು ಜನ ಅಲ್ಲೇ ಇದ್ದರು. ಇನ್ನೇನು ತಮಾಷೆಯೋ ಎಂದು ಸುತ್ತ ಸರಿದರು. “ಯಾರ ಅಪ್ಪಣೆ ಕೇಳಿ ಆರ್ಗನ್ನಿಗೆ ಕೈ ಹಾಕಿದೆ ನೀನು?” ಎಂದರು ಎಲ್ಲರಿಗೂ ಕೇಳುವಂತೆ. ಅಷ್ಟು ಹೇಳಿದ ಮೇಲೆ ದನಿ ಮುಂದೆ ಹೋಗಲಿಲ್ಲ. ಹತ್ತಿರ ಬಂದು ಅವನ ಚೀಲದ ಪಟ್ಟಿಯನ್ನು ಹಿಡಿದುಕೊಂಡರು. ಅವರ ಕೋಟಿನ ಕಂಕುಳು ಒದ್ದೆಯಾಗಿತ್ತು.

“ಆಯಮ್ಮ ಎಳೀತಿದ್ದದ್ದು...” ಎಂದರು, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. “ನಾನು ಸಾಲು ಹೇಳ್ತಿದ್ದಾಗಲೂ... ಹೀಗೇನಾ? ಪ್ರತಿ ವಾರವೂ? ನಿನಗೆ ಗೊತ್ತಿದೆ. ಹೇಳು.”

ಸುತ್ತಲಿದ್ದವರು ಕಿವಿ ಚಾಚಿದರು. ಉತ್ತರ ಅವನ ಹೆಗಲ ಮೇಲೇ ನೇತಾಡುತ್ತಿತ್ತು, ಅವಳದೇ ಅಕ್ಷರದಲ್ಲಿ. ಅವನು ಹೆಡ್‌ಮಾಸ್ಟರ ಬೆರಳುಗಳನ್ನು ಪಟ್ಟಿಯಿಂದ ಒಂದೊಂದಾಗಿ ಬಿಡಿಸಿದ. ಒರಟಾಗಿಯೇನೂ ಅಲ್ಲ. ಬಿಡಿಸಿ, ಅವರ ಕೈಯನ್ನು ಅವರಿಗೇ ಕೊಟ್ಟು, ಗೇಟಿನ ಕಡೆ ನಡೆದ.

“ಹೇಳೋ!” ಎಂದರು ಹಿಂದಿನಿಂದ.

ಅವನು ತಿರುಗಲಿಲ್ಲ. ಗೇಟು ದಾಟಿ, ಎಡಕ್ಕೆ ಹೊರಳಿ, ಭಾನುವಾರದ ಖಾಲಿ ಬೀದಿಗೆ ಬಿದ್ದ. ಅಂಗಡಿಗಳ ಶಟರು ಕೆಳಗಿದ್ದವು. ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಒಬ್ಬ ಹೆಂಗಸು ಹಾಸಿಗೆಯ ಹೊದಿಕೆಯ ಧೂಳು ಕೊಡವುತ್ತಿದ್ದಳು. ಕೆಳಗೆ ಅವನು ಬರುವುದನ್ನು ಕಂಡು ಕೈ ತಡೆದು, ಹೊದಿಕೆಯನ್ನು ಎದೆಗೆ ಒತ್ತಿ ಹಿಡಿದು ನಿಂತಳು. ಅವನು ದಾಟಿಹೋದ ಮೇಲೆ ಮತ್ತೆ ಕೊಡವತೊಡಗಿದಳು.